ಎರಡು ಬೆರಳು ವಾಲಿದ್ದ ಗೋಡೆ

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ನಾಲ್ಕೂವರೆಗೆ ಪಾಠ ಮುಗಿಸುವುದು ನನ್ನ ಪದ್ಧತಿ, ಮತ್ತು ಆ ದಿನ ಪಾಠ ನನ್ನ ಕೈತಪ್ಪಿ ಹೋಗಿತ್ತು. ಉತ್ತರಹಳ್ಳಿ ಕಡೆಯ ನಮ್ಮ ಪುಟ್ಟ ಪ್ರಾರ್ಥನಾ ಮಂದಿರದ ಕಿಟಕಿಯಾಚೆ ಒಬ್ಬ ಗಾರೆ ಮೇಸ್ತ್ರಿ ಹಿಂದಿನ ಕಾಂಪೌಂಡ್ ಗೋಡೆಯ ಮೇಲಿನಿಂದ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನೋಡಿ ಮುಗಿಸಿ ನಮ್ಮ ಕಡೆ ತಿರುಗಿದರು. "ಈ ಗ್ವಾಡಿ ವಾಲ್ಯದ್ರಿ. ಹಿಂಗೇ ಬಿಟ್ರ ಬೀಳ್ತದ" ಎಂದರು. ಕಿಟಕಿಗೆ ಮುತ್ತಿಕೊಂಡಿದ್ದ ನಾವು ಇಪ್ಪತ್ತು ಜನ ಒಂದೇ ದನಿಯಲ್ಲಿ "ಆಮೆನ್" ಎಂದೆವು.

ಎಲ್ಲ ಕೆಟ್ಟದ್ದೂ ಶುರುವಾದದ್ದು ಆ ಆಮೆನ್‌ನಿಂದ.

ಬೀದರ್ ಕಡೆಯ ತಮ್ಮ ಊರಿನಲ್ಲಿ ಮೇಸ್ತ್ರಿ ತೀರಿಕೊಂಡರೆಂದು ಹೋದ ತಿಂಗಳು ಸುದ್ದಿ ಬಂತು. ಹೆಸರು ಬರೆಯುವುದಿಲ್ಲ, ಸಭೆಯಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ ಬ್ರದರ್. ನಾನೂ ಬಾಯಲ್ಲಿ ಹಾಗೆಯೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರು ನನಗೆ 'ಅವನು' ಆಗಿದ್ದರು. ಆ ಏಕವಚನ ಎಲ್ಲಿಂದ ಬಂತೆಂದು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಜಯನಗರದ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದೆ. ಅಂಚೆಯ ಮೂಲಕ ದೈವಶಾಸ್ತ್ರದ ಕೋರ್ಸ್ ಮಾಡಿಕೊಂಡಿದ್ದೆ. ಮನೆಯಲ್ಲಿ ಇಂಗ್ಲಿಷಿನ ದಪ್ಪ ವ್ಯಾಖ್ಯಾನಗಳಿದ್ದವು, ಮೂರು ಬಣ್ಣದ ಗೆರೆ ಎಳೆದವು. ಸಭೆಯಲ್ಲಿ ಎಂ.ಎ. ಆದವನು ನಾನೊಬ್ಬನೇ. ಹಾಗಾಗಿ ಭಾನುವಾರ ಮಧ್ಯಾಹ್ನದ ಸತ್ಯವೇದ ಪಾಠ ಐದು ವರ್ಷದಿಂದ ನನ್ನದು. ಅದು ನನ್ನದು ಎಂಬುದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಆ ವರ್ಷ ಆಮೋಸನನ್ನು ಎತ್ತಿಕೊಂಡೆ. ಆಮೋಸ ಇಬ್ರಿಯ ಪ್ರವಾದಿ. ವೃತ್ತಿಯಿಂದ ಕುರಿ ಕಾಯುವವನು. ಕ್ರಿಸ್ತನಿಗಿಂತ ಏಳೆಂಟು ನೂರು ವರ್ಷ ಮೊದಲು, ದೇಶದಲ್ಲಿ ಸುಭಿಕ್ಷವಿದ್ದಾಗ, ಬಡವರನ್ನು ತುಳಿದವರು ಹಾಡುವ ಸ್ತೋತ್ರ ದೇವರ ಕಿವಿಗೆ ಗದ್ದಲ ಎಂದು ಹೇಳಿ ರಾಜನ ಕಡೆಯವರಿಂದ ಊರು ಬಿಡಿಸಿಕೊಂಡವನು. ಕ್ರೈಸ್ತರಾದ ನಾವು ಅವನನ್ನು ಹೇಗೆ ಓದಬೇಕು, ಅವನ ಸಿಟ್ಟಿನಿಂದ ಕ್ರಿಸ್ತನ ಪ್ರೀತಿಗೆ ದಾರಿ ಎಲ್ಲಿದೆ ಎಂದು ಹನ್ನೆರಡು ಭಾನುವಾರಗಳ ಪಾಠ ಸಿದ್ಧಮಾಡಿ, ಜೆರಾಕ್ಸ್ ಹಾಳೆ ಹಂಚಿದ್ದೆ. ಮೇಸ್ತ್ರಿ ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ಸತ್ಯವೇದದೊಳಗೆ ಇಟ್ಟುಕೊಳ್ಳುತ್ತಿದ್ದರು. ಓದಿದ್ದನ್ನು ನಾನು ನೋಡಲಿಲ್ಲ.

ಅವರು ಸುದ್ದಗುಂಟೆಪಾಳ್ಯದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅಲ್ಲಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಕಲಿತದ್ದು ನಾಲ್ಕನೇ ಕ್ಲಾಸು. ಸತ್ಯವೇದಕ್ಕೆ ಸಿಮೆಂಟ್ ಚೀಲದ ಒಳಗಿನ ಪ್ಲಾಸ್ಟಿಕ್ಕಿನ ಹೊದಿಕೆ. ಬೆರಳಿಟ್ಟು ಓದುವಾಗ ಒಂದೊಂದು ಪದವನ್ನೂ ಇಟ್ಟಿಗೆಯಂತೆ ಕೂರಿಸಿ, ಸರಿಯಾಗಿ ಕೂತಿದೆಯೇ ಎಂದು ನೋಡಿ, ಮುಂದಿನದಕ್ಕೆ ಹೋಗುತ್ತಿದ್ದರು. ಅಷ್ಟರಲ್ಲಿ ನಾನು ಕಾಲು ಅಲ್ಲಾಡಿಸುತ್ತಿದ್ದೆ. ಯಾರಾದರೂ ಮಾತಾಡುವಾಗ ಎಡಗಣ್ಣು ಮುಚ್ಚಿ ಕೇಳುವ ಅಭ್ಯಾಸ ಅವರಿಗೆ. ಎದುರಿದ್ದವರಿಗೆ ತನ್ನನ್ನು ಅಳೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಯಾವ ಮನೆಗೆ ಹೋದರೂ ಬಾಗಿಲ ಚೌಕಟ್ಟಿನ ಅಂಚಿಗೆ ಹೆಬ್ಬೆರಳು ಸವರಿಯೇ ಒಳಗೆ ಕಾಲಿಡುತ್ತಿದ್ದರು. ಒಮ್ಮೆ ಪದ್ಮನಾಭನಗರದ ನಮ್ಮ ಮನೆಗೆ ಬಂದಾಗಲೂ ಸವರಿದರು, ಏನೂ ಹೇಳಲಿಲ್ಲ. ಅವರು ಹೋದ ಮೇಲೆ ನಾನು ಸ್ಕೇಲ್ ತಂದು ಚೌಕಟ್ಟು ಅಳೆದೆ.

ಮೊದಲ ಹೊಡೆತ ನಾಲ್ಕನೆಯ ಭಾನುವಾರ ಬಿತ್ತು. ಕೆತ್ತಿದ ಕಲ್ಲಿನಿಂದ ಮನೆ ಕಟ್ಟಿಕೊಂಡಿದ್ದೀರಿ, ಆದರೆ ಅದರಲ್ಲಿ ವಾಸಮಾಡಲಾರಿರಿ ಎಂದು ಆಮೋಸ ಶ್ರೀಮಂತರಿಗೆ ಹೇಳುವ ಭಾಗ. ಆ ಕಾಲದ ವಾಸ್ತುಶಿಲ್ಪ, ಉತ್ಖನನ, ದಂತ ಕೂರಿಸಿದ ಮಂಚ ಎಂದು ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಯಾರಾದರೂ ಏನಾದರೂ ಹೇಳುವುದುಂಟೇ ಎಂದು ಕೇಳಿದೆ. ಅದು ಕೇಳುವುದಕ್ಕಾಗಿ ಕೇಳುವ ಪ್ರಶ್ನೆ. ಮೇಸ್ತ್ರಿ ನಿಧಾನಕ್ಕೆ, "ಇದು ನಮಗ ಹೊಸಾ ಶಿಕ್ಷಾ ಅಲ್ರಿ ಸರ್. ಜೆ.ಪಿ. ನಗರದಾಗ ಹನ್ನೆರಡು ಮನಿ ಕಟ್ಟೀನಿ. ಒಂದರಾಗೂ ವಾಸ ಮಾಡಿಲ್ಲ. ಗೃಹಪ್ರವೇಶದ ದಿನ ಹಿಂದಿನ ಬಾಗಿಲಾಗ ಊಟ, ಮರುದಿನ ಗೇಟಿನಾಗ ವಾಚ್‌ಮ್ಯಾನ್ ಯಾರು ಬೇಕು ಅಂತಾನ" ಎಂದರು. ಮಂದಿರವೇ ನಕ್ಕಿತು. ನಕ್ಕು, ಆಮೇಲೆ ಸುಮ್ಮನಾಯಿತು. ಆ ಮೌನ ನನ್ನ ಅರ್ಧ ಗಂಟೆಯ ಮಾತಿಗೆ ಸಿಕ್ಕಿರಲಿಲ್ಲ.

ಅಂದು ಮನೆಯಲ್ಲಿ ನನ್ನ ಹೆಂಡತಿ ತಟ್ಟೆ ಹಾಕುತ್ತಾ, ಮೇಸ್ತ್ರಿ ಹೇಳಿದ್ದು ಎದೆಗೆ ನಾಟಿತು ಎಂದಳು. ನನ್ನ ಮುಖ ನೋಡಿ, "ನಿಮ್ಮದೂ ಚೆನ್ನಾಗಿತ್ತು ರೀ" ಎಂದಳು. ನಿಮ್ಮದೂ. ಆ ಒಂದು ದೀರ್ಘಸ್ವರ ಸಾರಿನಲ್ಲಿ ಸಿಕ್ಕ ಕಲ್ಲಿನಂತೆ ವಾರವಿಡೀ ಹಲ್ಲಿಗೆ ಸಿಗುತ್ತಿತ್ತು.

ಆಮೇಲಿನ ವಾರಗಳಲ್ಲಿ ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ಆದರೂ ಪಾಠ ಮುಗಿದ ಮೇಲೆ ಚಪ್ಪಲಿ ಬಿಡುವ ಜಾಗದಲ್ಲಿ ಜನ ಅವರ ಸುತ್ತ ನಿಲ್ಲುತ್ತಿದ್ದರು. ನನ್ನ ಹತ್ತಿರ ಬರುತ್ತಿದ್ದವರು ಮಕ್ಕಳ ಕಾಲೇಜು ಸೀಟಿಗಾಗಿ ಬರುತ್ತಿದ್ದರು.

ಏಳನೆಯ ಭಾನುವಾರ ಆಮೋಸನ ಒಂದು ದರ್ಶನಕ್ಕೆ ಬಂದೆವು. ಕರ್ತನು ಕೈಯಲ್ಲಿ ನೂಲುಗುಂಡು ಹಿಡಿದು ಗೋಡೆಯ ಮೇಲೆ ನಿಂತಿರುವುದನ್ನು ಪ್ರವಾದಿ ಕಾಣುತ್ತಾನೆ. ನೂಲುಗುಂಡು ಎಂದರೆ ಏನೆಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ನನ್ನ ಹಾಳೆಯಲ್ಲಿ 'ಅಳತೆಯ ಮಾನದಂಡ' ಎಂದಿತ್ತು. ಉದ್ದ ಅಳೆಯಲು ಬಳಸುವ, ತುದಿಯಲ್ಲಿ ಗುಂಡಿರುವ ದಾರ ಎಂದುಬಿಟ್ಟೆ. ಮೇಸ್ತ್ರಿ ಎದ್ದು ಹೊರಗೆ ಹೋದರು. ಸೈಕಲ್ಲಿನ ಚೀಲದಿಂದ ಏನನ್ನೋ ತೆಗೆದುಕೊಂಡು ಬಂದು ಮೇಜಿನ ಮೇಲೆ, ನನ್ನ ವ್ಯಾಖ್ಯಾನದ ಪುಸ್ತಕದ ಪಕ್ಕದಲ್ಲಿ ಇಟ್ಟರು. ದಾರ ಸುತ್ತಿದ ಹಿತ್ತಾಳೆಯ ಗುಂಡು.

"ಇದೇ ಏನ್ರಿ ಸರ್? ನಾವು ಒಳಂಬ ಅಂತೀವಿ. ಇಲ್ಲಿ ಮಂದಿ ತೂಕುಗುಂಡು ಅಂತಾರ. ಇದು ಉದ್ದ ಅಳಿಯಲ್ರಿ. ನೆಟ್ಟಗ ಅದನೋ ಇಲ್ಲೋ, ಅಷ್ಟೇ ಹೇಳ್ತದ."

ಅವರು ತಿದ್ದಿದ್ದು ವಿನಯದಿಂದಲೇ. ಸೊಕ್ಕು ತೋರಿಸಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಪಾಸ್ಟರ್ ಆ ದಿನ ಮೊದಲ ಸಾಲಿನಲ್ಲಿದ್ದರು. ಸ್ವಲ್ಪ ವಿವರಿಸಿ ಬ್ರದರ್ ಎಂದರು. ಮೇಸ್ತ್ರಿ ಗುಂಡನ್ನು ಇಳಿಬಿಟ್ಟು ಅಲುಗಾಟ ನಿಲ್ಲುವವರೆಗೆ ಕಾದರು. ಕಣ್ಣು ಮಾತಿಗೆ ಮರುಳಾಗುತ್ತದೆ, ದಾರ ಆಗುವುದಿಲ್ಲ ಎಂಬುದು ಅವರ ಗಾದೆ, ಅದನ್ನು ಹೇಳಿದರು. ಆಮೇಲೆ ನಾನು ಇಂದಿಗೂ ಮರೆಯದ ಮಾತು ಹೇಳಿದರು. "ಒಂದು ಮಾತ್ರಿ. ಒಳಂಬ ಬಿಡಾವ ಗ್ವಾಡಿ ಮ್ಯಾಲ ನಿಂತಿರ್ತಾನ. ಕೆಳಗ ನಿಂತು ಬಿಡಲಿಕ್ಕಾಗಲ್ಲ. ಗ್ವಾಡಿ ಬಿದ್ರ ಮೊದಲ ಬೀಳಾವ ಅವನೇ."

ಪಾಸ್ಟರ್ ಕಣ್ಣೊರೆಸಿಕೊಂಡರು. ವಾಲಿದ ಗೋಡೆ ಮನುಷ್ಯನ ಹೃದಯ, ಇದೇ ಶಿಲುಬೆ ಎಂದರು. ತೀರ್ಪು ಮಾಡುವವನೇ ಬೀಳುವ ಗೋಡೆಯ ಮೇಲೆ ನಿಂತ, ಅದರ ಜೊತೆ ತಾನೂ ಬಿದ್ದ. ಆಮೋಸನನ್ನು ಕ್ರೈಸ್ತರು ಓದಬೇಕಾದದ್ದು ಹೀಗೆ ಎಂದರು. ನಾನು ಎರಡು ಪುಟ ಬರೆದುಕೊಂಡು ಬಂದದ್ದೂ ಅಲ್ಲಿಗೇ ತಲುಪುವ ದಾರಿಯನ್ನೇ. ದಾರಿಯಲ್ಲಿ ಅಡಿಟಿಪ್ಪಣಿಗಳಿದ್ದವು. ಆ ಮನುಷ್ಯ ಒಂದೇ ಹೆಜ್ಜೆಯಲ್ಲಿ ಅಲ್ಲಿ ನಿಂತಿದ್ದ.

ಗೋಡೆಗೆ ಹಿಡಿದು ತೋರಿಸಿ ಎಂದು ಯಾರೋ ಕೇಳಿದರು. ಒಳಗಿನ ಗೋಡೆಗಳಿಗೆ ಗಾರೆ ಆಗಿತ್ತು; ಹಿಂದಿನ ಕಾಂಪೌಂಡ್ ಗೋಡೆ ಬರಿಯ ಬ್ಲಾಕಿನದು, ಅಲ್ಲಿ ಚೆನ್ನಾಗಿ ಕಾಣುತ್ತದೆಂದು ಅವರು ಹೊರಗೆ ಹೋದರು. ನಾವು ಕಿಟಕಿಗೆ ಮುತ್ತಿದೆವು. ಪಕ್ಕದ ಸೈಟಿನವರು ಪಾಯ ತೋಡಿದ ಮಣ್ಣನ್ನೆಲ್ಲ ಆ ಗೋಡೆಗೆ ಒತ್ತಿ ಆಚೆ ಬದಿಯಲ್ಲಿ ರಾಶಿ ಹಾಕಿದ್ದರು. ಈಚೆ ಬದಿಯ ನೆರಳಿನಲ್ಲಿ ಪ್ರತಿ ಭಾನುವಾರ ನಮ್ಮ ಸಂಡೇ ಸ್ಕೂಲಿನ ಮಕ್ಕಳು ಕೂರುತ್ತಿದ್ದರು. ಆ ದಿನ ಅವರು ಬೇಗ ಮನೆಗೆ ಹೋಗಿದ್ದರು.

ಗೋಡೆ ವಾಲಿದೆ, ಬೀಳುತ್ತದೆ ಎಂದು ಅವರು ಹೇಳಿದ್ದು ಆಗ. ಅಷ್ಟು ಹೊತ್ತು ಗೋಡೆ ಎಂದರೆ ಮನುಷ್ಯನ ಹೃದಯ ಎಂದು ಕೇಳಿಸಿಕೊಂಡಿದ್ದ ನಮಗೆ ಅದು ಪ್ರಸಂಗದ ಕೊನೆಯ ಸಾಲಾಗಿ ಕೇಳಿಸಿತು. ಆಮೆನ್ ಎಂದೆವು. ನಿಜವಾಗಿ ವಾಲಿದ ಗೋಡೆಯನ್ನು ತೋರಿಸಿದರೆ ಆಮೆನ್ ಎನ್ನುವ ತಪ್ಪು ಸತ್ಯವೇದ ಓದುವವರು ಮಾತ್ರ ಮಾಡಬಲ್ಲರು. ಮೇಸ್ತ್ರಿ ದಾರ ಹಿಡಿದು ಬೆಪ್ಪಾಗಿ ನಿಂತಿದ್ದರು. ಪಾಸ್ಟರ್ ಅಲ್ಲೇ ನನ್ನ ಭುಜದ ಮೇಲೆ ಕೈಯಿಟ್ಟು, ಮುಂದಿನ ತಿಂಗಳ ಪಾಠ ಮೇಸ್ತ್ರಿ ಬ್ರದರೇ ನಡೆಸಲಿ, ನಿಮಗೂ ರೆಸ್ಟ್ ಆಗುತ್ತೆ ಎಂದರು.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ನನ್ನನ್ನು ಚಪ್ಪಲಿಯ ಹತ್ತಿರ ನಿಲ್ಲಿಸಿದರು. ತಾವು ಹೇಳಿದ್ದು ಹೃದಯದ ಗೋಡೆಯಲ್ಲ, ಆ ಗೋಡೆಯನ್ನೇ. ಮೇಲಿಂದ ಕೆಳಗೆ ಎರಡು ಬೆರಳು ವಾಲಿದೆ, ಮಳೆ ಬಂದು ಆಚೆಯ ಮಣ್ಣು ನೆನೆದರೆ ನಿಲ್ಲುವುದಿಲ್ಲ. ಮಣ್ಣು ತೆಗೆಸುವವರೆಗೆ ಮಕ್ಕಳನ್ನು ಅಲ್ಲಿ ಕೂರಿಸಬೇಡಿ ಎಂದರು. ಕಮಿಟಿಯಲ್ಲಿ ಇದ್ದವನು ನಾನು. ಬುಧವಾರ ಕಮಿಟಿ ಇದೆ, ಹೇಳುತ್ತೇನೆ ಎಂದೆ.

ಬುಧವಾರ ಹೇಳಲಿಲ್ಲ. ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಇನ್ನೇನಾದರೂ ವಿಷಯ ಇದೆಯೇ ಎಂದು ಪಾಸ್ಟರ್ ಕೇಳಿದಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮತ್ತೆ ಅರ್ಧ ಗಂಟೆ ಮೇಸ್ತ್ರಿಯ ಗುಣಗಾನ ನಡೆಯುತ್ತದೆ ಎನ್ನಿಸಿತು. ಇಲ್ಲ ಎಂದೆ.

ಗುರುವಾರ ಮತ್ತು ಶುಕ್ರವಾರ ಮಳೆ ಹೊಯ್ದಿತು. ಭಾನುವಾರ ಬಿಸಿಲು. ಪಾಸ್ಟರ್ ಬೇರೆ ಸಭೆಗೆ ಹೋಗಿದ್ದರು. ಮಕ್ಕಳು ಎಂದಿನಂತೆ ಗೋಡೆಯ ನೆರಳಿನಲ್ಲಿ, ಕಡಪಾ ಕಲ್ಲಿನ ಮೇಲೆ ಚಾಪೆ ಹಾಸಿ ಕೂತಿದ್ದರು. ಅವರಿಗೆ ಪಾಠ ಹೇಳುತ್ತಿದ್ದ, ಸಭೆಯಲ್ಲಿ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದ ಹೆಂಗಸಿನ ನಾಲ್ಕು ವರ್ಷದ ಮಗಳು ಗೋಡೆಯ ಬುಡದಲ್ಲೇ ಮಲಗಿ ನಿದ್ದೆ ಹೋಗಿದ್ದಳು. ನಾನು ಪಾಠ ಶುರುಮಾಡುವಾಗ ಮೇಸ್ತ್ರಿ ಬಂದರು. ಬಾಗಿಲಲ್ಲಿ ತಗ್ಗಿದ ದನಿಯಲ್ಲಿ, "ಕಮಿಟಿಗೆ ಹೇಳಿದ್ರೇನ್ರಿ ಸರ್?" ಎಂದರು.

"ಹೇಳಿದೀನಿ. ನೋಡೋಣ ಅಂದಿದಾರೆ. ಕೂತ್ಕೊಳಿ ಬ್ರದರ್."

ಅವರು ನಂಬಿದರು. ಹತ್ತು ನಿಮಿಷ ಕೂತರು. ನಾನು ಕದ್ದ ಹತ್ತು ನಿಮಿಷ ಅದು. ಆಮೇಲೆ ತಡೆಯಲಾರದೆ ಪಾಠದ ನಡುವೆಯೇ ಎದ್ದು ಹೋದರು. ಬೇಕೆಂದೇ ನನ್ನನ್ನು ಅವಮಾನ ಮಾಡುತ್ತಿದ್ದಾರೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಅವರ ಮುಖ ಕಾಣಿಸಿತು.

"ಸರ್, ನಾಕು ಬೆರಳಾಗ್ಯದ. ಮಕ್ಕಳನ್ನ ಎಬ್ಬಸ್ರಿ."

"ಐದು ನಿಮಿಷ ಬ್ರದರ್. ಈ ವಚನ ಮುಗಿಸಿಬಿಡ್ತೀನಿ."

ಅವರು ಎಡಗಣ್ಣು ಮುಚ್ಚಿ ನನ್ನನ್ನು ನೋಡಿದರು. ಒಂದು ಕ್ಷಣ ಅಷ್ಟೇ. ಆಮೇಲೆ ಓಡಿದರು. ಏಳ್ರಿ, ಏಳ್ರಿ ಎಂದು ಅವರು ಮಕ್ಕಳನ್ನು ರಟ್ಟೆ ಹಿಡಿದು ಎಬ್ಬಿಸಿ ಈಚೆ ತಳ್ಳುತ್ತಿದ್ದದ್ದು, ಸಿಸ್ಟರ್ ಗಾಬರಿಯಿಂದ ಏನಾಯ್ತು ಎನ್ನುತ್ತಿದ್ದದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ನಾನು ಬಾಯಲ್ಲಿ ವಚನ ಓದುತ್ತಲೇ ಇದ್ದೆ. ಕೊನೆಗೆ ಮಲಗಿದ್ದ ಮಗುವೊಂದೇ ಉಳಿಯಿತು. ಅವರು ಮಗುವನ್ನು ಎತ್ತಿಕೊಳ್ಳಲು ಹೋಗಲಿಲ್ಲ. ಸಮಯವಿಲ್ಲವೆಂದು ಅವರಿಗೆ ತಿಳಿದಿತ್ತು. ಚಾಪೆಯ ಅಂಚು ಹಿಡಿದು, ಮಗುವಿನ ಸಮೇತ ಬಲವಾಗಿ ಎಳೆದುಬಿಟ್ಟರು. ಚಾಪೆ ನಯವಾದ ಕಲ್ಲಿನ ಮೇಲೆ ಸರ್ರನೆ ಜಾರಿ ಬಂತು. ಎಳೆದ ರಭಸಕ್ಕೆ ಅವರು ಹಿಂದಕ್ಕೆ ಬಿದ್ದರು, ಕಾಲು ಗೋಡೆಯ ಕಡೆ ಚಾಚಿತ್ತು. ಗೋಡೆ ನಡುವಿನಲ್ಲಿ ಉಬ್ಬಿ, ಉಸಿರು ಬಿಟ್ಟಂತೆ ಸದ್ದು ಮಾಡಿ ಇಡಿಯಾಗಿ ಬಿತ್ತು.

ಮಕ್ಕಳಿಗೆ ಯಾರಿಗೂ ಏನೂ ಆಗಲಿಲ್ಲ. ಮಗು ಧೂಳಿನಲ್ಲಿ ಎದ್ದು ಕೂತು ಕಣ್ಣುಜ್ಜಿಕೊಂಡಿತು. ಮೇಸ್ತ್ರಿಯ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಆ ಕಾಲನ್ನು ಮೇಲೆತ್ತಿ, ಹಗ್ಗದ ತುದಿಗೆ ತೂಕದ ಗುಂಡು ಕಟ್ಟಿ ಇಳಿಬಿಟ್ಟಿದ್ದರು. ನೋಡಲು ಹೋದವರಿಗೆಲ್ಲ ಅದನ್ನು ತೋರಿಸಿ, "ಈಗ ನನಗೇ ಒಳಂಬ ಬಿಟ್ಟಾರ ನೋಡ್ರಿ" ಎಂದು ನಗುತ್ತಿದ್ದರು. ಜನ ಆಗಲೇ ಅವರನ್ನು ಪ್ರವಾದಿ ಎನ್ನತೊಡಗಿದ್ದರು. ಕರ್ತನು ಅವರಿಗೆ ದರ್ಶನ ಕೊಟ್ಟ ಎಂದು ಬನಶಂಕರಿಯ ಸಭೆಗಳಿಂದಲೂ ತಲೆಯ ಮೇಲೆ ಕೈ ಇಡಿಸಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳಲು ಬಂದರು. ದರ್ಶನ ಅಲ್ರಿ, ದಾರ ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ.

ನಾನು ಹೋದ ದಿನ ಪಾಸ್ಟರೂ ಅಲ್ಲಿದ್ದರು. ಇಷ್ಟು ಗೊತ್ತಿದ್ದವರು ಕಮಿಟಿಗೆ ಒಂದು ಮಾತು ಮೊದಲೇ ತಿಳಿಸಬಾರದಿತ್ತೇ ಬ್ರದರ್ ಎಂದು ಅವರು ಮೃದುವಾಗಿ ಆಕ್ಷೇಪಿಸಿದರು. ನನ್ನ ಸುಳ್ಳು ಮೇಸ್ತ್ರಿಗೆ ತಿಳಿದದ್ದು ಆ ಕ್ಷಣದಲ್ಲಿ. ಮಂಚದ ಕಾಲ ಬಳಿ ನಿಂತಿದ್ದ ನನ್ನ ಕಡೆ ಅವರು ತಿರುಗಲಿಲ್ಲ. "ತಪ್ಪಾಯ್ತ್ರಿ ಅಯ್ಯನವರೇ. ಗಟ್ಟಿಯಾಗಿ ಹೇಳಬೇಕಾಗಿತ್ತು" ಎಂದರು.

ಉಪಕಾರ ಸ್ಮರಿಸಬೇಕಾದ ಆ ಗಳಿಗೆಯಲ್ಲೂ ನನ್ನೊಳಗೆ ಎದ್ದದ್ದು ಹೊಟ್ಟೆಕಿಚ್ಚೇ. ಇಷ್ಟು ಒಳ್ಳೆಯವನಾಗಿರಲು ಇವನಿಗೆ ಹೇಗೆ ಸಾಧ್ಯ, ನನಗೇಕೆ ಇಲ್ಲ ಎಂದು. ಮಾತಾಡುತ್ತಲೇ ಅವರಿಗೆ ಜೊಂಪು ಹತ್ತಿತು. ಮಧ್ಯಾಹ್ನ ಎರಡು ಗಂಟೆ, ವಾರ್ಡಿನ ಗದ್ದಲದ ನಡುವೆ, ಮುರಿದ ಕಾಲು ಮೇಲೆ ಕಟ್ಟಿಸಿಕೊಂಡ ಮನುಷ್ಯ ಗೊರಕೆ ಹೊಡೆದು ನಿದ್ದೆ ಮಾಡಿದರು. ನಾನು ಆ ಗೊರಕೆಯನ್ನು ಅಸೂಯೆಯಿಂದ ಕೇಳುತ್ತ ಕೂತೆ.

ಏಕೆಂದರೆ ಗೋಡೆ ಬಿದ್ದಂದಿನಿಂದ ನನಗೆ ನಿದ್ದೆ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಚಾಪೆ ಸರಿಯುತ್ತದೆ. ಕೆಲವು ಸಲ ಸರಿಯುವುದಿಲ್ಲ. ಆಗ ಎದ್ದು ಕೂರುತ್ತಿದ್ದೆ. ಐದು ನಿಮಿಷ ಬ್ರದರ್ ಎಂಬ ನನ್ನ ದನಿ ನನಗೇ ಕೇಳಿಸುತ್ತಿತ್ತು, ಎಷ್ಟು ಸ್ಪಷ್ಟ ಉಚ್ಚಾರ.

ನಾಲ್ಕು ತಿಂಗಳ ಮೇಲೆ ಅವರು ಊರುಗೋಲಿನಲ್ಲಿ ಪಾಠಕ್ಕೆ ಬಂದರು. ಇನ್ನು ಮೇಲೆ ಎತ್ತರದ ಗೋಡೆಯ ಕೆಲಸ ಆಗದು, ನೆಲಕ್ಕೆ ಟೈಲ್ಸ್ ಹಾಕುತ್ತೇನೆ, ಕೂತೇ ಮಾಡುವ ಕೆಲಸ ಎಂದು ನಗುತ್ತ ಹೇಳಿದರು. ಅಂದು ನಾನು ಎಲ್ಲರ ಮುಂದೆ ಎದ್ದು ನಿಂತೆ. ತಪ್ಪೊಪ್ಪಿಕೊಳ್ಳಬೇಕೆಂದೇ ನಿಂತೆ. ಆದರೆ ಬಾಯಿಂದ ಬಂದದ್ದು ಬೇರೆ. ಎರಡು ಬೆರಳು ವಾಲಿದ್ದ ಗೋಡೆ ನಾನೇ, ನನ್ನ ಮೌನದ ಭಾರ ನನ್ನ ಸಹೋದರನ ಮೇಲೆ ಬಿತ್ತು ಎಂದೆ. ಚೆನ್ನಾಗಿ ಮಾತಾಡಿದೆ. ಸಭೆ ಆಮೆನ್ ಎಂದಿತು. ಸಾರ್ ತಮ್ಮನ್ನು ಎಷ್ಟು ತಗ್ಗಿಸಿಕೊಂಡರು ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಹೊರಗೆ ಮೇಸ್ತ್ರಿ ನನಗಾಗಿ ಕಾದಿದ್ದರು. ಗೋಡೆ ಬಿದ್ದ ಮೇಲೆ ಆ ವಿಷಯ ನಾವಿಬ್ಬರೂ ಆಡಿದ್ದು ಅದೊಂದೇ ಸಲ.

"ಛಲೋ ಹೇಳಿದ್ರಿ ಸರ್. ಯಾರಿಗೂ ತಿಳೀಲಾರದಂಗ ಹೇಳಿದ್ರಿ."

ನಿಮ್ಮ ಹತ್ತಿರ ಕ್ಷಮೆ ಕೇಳಬೇಕು ಎಂದೆ.

"ನನಗ ಏನು ಹೇಳ್ತೀರಿ, ನನಗ ಗೊತ್ತೇ ಅದ. ಯಾರ ಕೂಸು ಚಾಪಿ ಮ್ಯಾಲ ಮಲಗಿತ್ತು, ಅವರಿಗೆ ಹೇಳ್ರಿ. ಬಯ್ತಾರ. ಬಯ್ಸ್ಕೋರಿ."

ಮರುದಿನ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಆ ಸಿಸ್ಟರ್ ಮನೆಗೆ ಹೋದೆ. ನಮ್ಮ ಮನೆಯಿಂದ ಮೂರು ಬೀದಿ. ಮಗು ಸ್ಕೂಲಿಗೆ ಹೋಗಿತ್ತು. ಅವರು ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಬನ್ನಿ ಸಾರ್ ಎಂದು ಕಾಫಿ ತಂದುಕೊಟ್ಟು ಮತ್ತೆ ಮೊರದ ಮುಂದೆ ಕೂತರು. ಅರ್ಧ ಕಾಫಿ ಕುಡಿದು, ಉಪಮೆಯಿಲ್ಲದೆ ಹೇಳಿದೆ. ಗೋಡೆ ಬೀಳುತ್ತದೆಂದು ಮೇಸ್ತ್ರಿ ಹಿಂದಿನ ಭಾನುವಾರವೇ ನನಗೆ ಹೇಳಿದ್ದರು. ಮಕ್ಕಳನ್ನು ಅಲ್ಲಿ ಕೂರಿಸಬೇಡಿ ಎಂದಿದ್ದರು. ನಾನು ಯಾರಿಗೂ ತಿಳಿಸಲಿಲ್ಲ. ತಿಳಿಸಿದ್ದೇನೆ ಎಂದು ಅವರಿಗೆ ಸುಳ್ಳು ಹೇಳಿದೆ.

ಅವರ ಕೈ ನಿಂತಿತು.

"ಬುಧವಾರ ಕಮಿಟೀಲಿ ನೀವಿದ್ರಾ?"

"ಇದ್ದೆ."

"ಬಾಯಿ ಬಿಡಲಿಲ್ಲ?"

"ಇಲ್ಲ."

"ಯಾಕೆ ಸಾರ್?"

"ಮೇಸ್ತ್ರಿ ಮೇಲೆ ಹೊಟ್ಟೆಕಿಚ್ಚಿತ್ತು."

ಆ ಪದವನ್ನು ನಾನು ಇನ್ನೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು. ಅವರು ಎದ್ದು ಬಂದು, ನನ್ನ ಕೈಯಿಂದ ಅರ್ಧ ಕಾಫಿಯ ಲೋಟ ಕಿತ್ತುಕೊಂಡರು.

"ನನ್ನ ಮಗು ಸಾರ್ ಅದು. ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಮಗು ಬೇಕಾಗಿತ್ತಾ? ಎದ್ದೇಳಿ. ನಮ್ಮನೇಲಿ ಕೂತ್ಕೋಬೇಡಿ."

ಎದ್ದೆ. ಅವರು ಹಿಂದೆಯೇ ಗೇಟಿನವರೆಗೆ ಬಂದು, ಬೀದಿಯ ಜನ ತಿರುಗಿ ನೋಡುವ ಹಾಗೆ ಬೈದರು. ಎಂ.ಎ. ಓದಿದ್ದು ದಂಡ ಎಂದರು. ಪಾಸ್ಟರಿಗೆ ಇವತ್ತೇ ಹೇಳುತ್ತೇನೆ ಎಂದರು, ಹೇಳಿದರು ಕೂಡ. ಮುಂದಿನ ಭಾನುವಾರದಿಂದ ಪಾಠ ಮೇಸ್ತ್ರಿಯದಾಯಿತು, ನಾನು ಚಾಪೆಯ ಮೇಲೆ ಕೂತೆ. ಅವರು ಚೆನ್ನಾಗಿ ನಡೆಸಿದರು. ನನ್ನ ಹೊಟ್ಟೆ ಉರಿಯುವುದೇನೂ ನಿಲ್ಲಲಿಲ್ಲ. ಈಗ ಅವರ ಸಾವಿನ ಸುದ್ದಿ ಕೇಳಿ ಇಡೀ ಸಭೆ ಅತ್ತಾಗಲೂ, ನನಗಾಗಿ ಇಷ್ಟು ಜನ ಅಳುವುದಿಲ್ಲ ಎಂದೊಮ್ಮೆ ಅನ್ನಿಸಿತು.

ಬೈಸಿಕೊಂಡ ಆ ಸೋಮವಾರ ಮಾತ್ರ ಬೇರೆ. ಗೇಟಿನಿಂದ ಮನೆಗೆ ಬಂದವನು ಮಧ್ಯಾಹ್ನ ಕಾಲೇಜಿಗೆ ಹೋಗಿ ಬಂದೆ. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಊಟ ಬಡಿಸಿದಳು. ಒಂಬತ್ತೂವರೆಗೆ ಮಲಗಿದೆ. ಬೆಳಿಗ್ಗೆ ಅವಳು ಭುಜ ಹಿಡಿದು ಅಲುಗಾಡಿಸಿದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಏಳೂಮುಕ್ಕಾಲಾಗಿತ್ತು. ಏಳೂವರೆಯ ಮೊದಲ ಪೀರಿಯಡ್ ತಪ್ಪಿಹೋಗಿತ್ತು.